ಆರೋಪಪಟ್ಟಿಯಲ್ಲಿ ಹೆಸರಿಲ್ಲದ ಕೈದಿ ಸ್ನೇಹಲತಾ ರೆಡ್ಡಿ

‘ಸಂಸ್ಕಾರ’ ಚಿತ್ರದ ಚಂದ್ರಿಯ ಪಾತ್ರದಿಂದ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಅನುಭವಿಸಿದ ಯಾತನೆ ರಾಜ್ಯದ ಇತಿಹಾಸದ ಕಹಿ ಅಧ್ಯಾಯ.

1932ರಲ್ಲಿ ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಸ್ನೇಹಲತಾ, ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸಿ ಭಾರತೀಯ ಹೆಸರು ಮತ್ತು ಉಡುಪನ್ನು ಸ್ವೀಕರಿಸಿದರು. ತೆಲುಗಿನ ನವ್ಯ ಕವಿ ಪಟ್ಟಾಭಿರಾಮ ರೆಡ್ಡಿ ಅವರ ಕೈಹಿಡಿದರು. ‘ಮದ್ರಾಸ್ ಪ್ಲೇಯರ್ಸ್’ ರಂಗತಂಡದ ಸ್ಥಾಪಕರಲ್ಲಿ ಒಬ್ಬರಾದರು. ರಾಮಮನೋಹರ ಲೋಹಿಯಾ ಅವರ ವಿಚಾರಗಳು ದಂಪತಿಯನ್ನು ಸಮಾಜವಾದಿ ಚಳವಳಿಗೆ ಸೆಳೆದವು.

ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮೊದಲು ತಡೆಯೊಡ್ಡಿತ್ತು. ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರ ಸುಳಿವಿಗಾಗಿ ಸೋದರ ಲಾರೆನ್ಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದ ಪೊಲೀಸರು ತೀವ್ರ ಚಿತ್ರಹಿಂಸೆ ನೀಡಿದರು. ಮರುದಿನ ಸ್ನೇಹಲತಾ ಬಂಧನವಾಯಿತು. ಮೊದಲು ಬರೋಡಾ ಡೈನಮೈಟ್ ಪ್ರಕರಣದ ಸಂಚಿನ ಆರೋಪ ಹೊರಿಸಲಾಯಿತು. ಕೊನೆಗೆ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ‘ಮೀಸಾ’ ಕಾಯ್ದೆಯಡಿ ಸೆರೆವಾಸ ಮುಂದುವರಿಯಿತು. ನ್ಯಾಯಾಲಯದ ಬಾಗಿಲೂ ಮುಚ್ಚಿತ್ತು. ಬಂಧನಕ್ಕೆ ಕೇವಲ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಇಂಥ ಬಂಧನವನ್ನು ಪ್ರಶ್ನಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ದಾಖಲಿಸಿದ್ದರು.

ತೀವ್ರ ಅಸ್ತಮಾ ರೋಗಿಯಾಗಿದ್ದ ಅವರನ್ನು ಕಿರಿದಾದ ಕೋಣೆಯಲ್ಲಿ ಒಂಟಿಯಾಗಿ ಇರಿಸಲಾಯಿತು. ಸಕಾಲಕ್ಕೆ ಚಿಕಿತ್ಸೆ ದೊರೆಯಲಿಲ್ಲ. ಎರಡು ಬಾರಿ ಪ್ರಜ್ಞಾಹೀನ ಸ್ಥಿತಿಗೆ ಜಾರಿದರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿದ್ದುದನ್ನು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆ ಮುಂದೆ ದಾಖಲಿಸಿದ್ದಾರೆ. ಇಷ್ಟರ ನಡುವೆಯೂ ಸ್ನೇಹಲತಾ ಸಹಕೈದಿಗಳಾದ ಬಡ ಮಹಿಳೆಯರ ಊಟ ಸುಧಾರಿಸಲು, ಅವರ ಮೇಲಿನ ಹೊಡೆತ ನಿಲ್ಲಿಸಲು ಹೋರಾಡಿದರು, ದಿನಚರಿ ಬರೆದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ಆರಂಭಿಸಿದ ‘ಲಂಡನ್ ಕೇಜ್’ ವಿಚಾರಣಾ ಕೇಂದ್ರವನ್ನು ಯುದ್ಧ ಮುಗಿದ ಮೇಲೂ ಕೆಲಕಾಲ ರೆಡ್‌ಕ್ರಾಸ್‌ನಿಂದ ಮುಚ್ಚಿಡಲಾಗಿತ್ತು. ಬೆಂಗಳೂರಿನ ಕೇಂದ್ರ ಕಾರಾಗೃಹವಾದರೋ ನಗರದ ನಡುವೆ, ಎಲ್ಲರ ಕಣ್ಣೆದುರೇ ಇತ್ತು. ಪತ್ರಿಕೆಗಳ ಮೇಲಿನ ನಿರ್ಬಂಧ ಅದರ ಗೋಡೆಗಳನ್ನು ಇನ್ನಷ್ಟು ಎತ್ತರವಾಗಿಸಿತ್ತು.

ಆರೋಗ್ಯ ಪೂರ್ಣ ಕುಸಿದಾಗ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡುಗಡೆ ದೊರೆಯಿತು. 18ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. 20ರಂದು ಸ್ನೇಹಲತಾ ಕೊನೆಯುಸಿರೆಳೆದರು. ಅವರಿಗೆ ಮತ ಹಾಕುವ ಅವಕಾಶ ಸಿಗಲಿಲ್ಲ. ಮಾರ್ಚ್‌ನಲ್ಲಿ ಮತದಾರರು ಇಂದಿರಾ ಗಾಂಧಿ ಸರ್ಕಾರವನ್ನು ಕೆಳಗಿಳಿಸಿದರು. ಅದೇ ವರ್ಷ ಅವರ ಸೆರೆಮನೆ ದಿನಚರಿ ಪ್ರಕಟವಾಯಿತು.

1976ರ ತೀರ್ಪನ್ನು ಸುಪ್ರೀಂ ಕೋರ್ಟ್ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ರದ್ದುಗೊಳಿಸಿತು. ಹಳೆಯ ಸೆರೆಮನೆಯ ಜಾಗ ಇಂದು ಫ್ರೀಡಂ ಪಾರ್ಕ್. ಪ್ರತಿಭಟನೆಗಳಿಗೆ ಬರುವ ಸಾವಿರಾರು ಜನ, ಮಾತನಾಡಿದ್ದಕ್ಕೇ ಜನರನ್ನು ಬಂಧಿಸಿಟ್ಟಿದ್ದ ನೆಲದ ಮೇಲೆ ನಿಂತು ಘೋಷಣೆ ಕೂಗುತ್ತಾರೆ.