ನಮ್ಮೂರಿನ ಹೈದರಾಲಿ

ಮೈಸೂರನ್ನು ಆಳಿದ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ ಅಂತ ನಮಗೆಲ್ಲ ಗೊತ್ತು. ಆದರೆ ಅವನು ಹುಟ್ಟಿದಾಗ ಬೂದಿಕೋಟೆ ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ! ಇದು ನನಗೆ ತುಂಬಾ ಸೋಜಿಗ ಅನ್ನಿಸಿತು. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ಅವನ ವಿಷಯ ಬರೆದಿದ್ದೇನೆ.

ಅವನು ಹುಟ್ಟಿದ್ದು ಸುಮಾರು 1720ರ ಹೊತ್ತಿಗೆ. ಆಗ ಕೋಲಾರದ ಸೀಮೆ ಮೊಗಲರ ಸಿರಾ ಸುಬಾಕ್ಕೆ ಸೇರಿತ್ತು. ತಂದೆ ಫತೇ ಮಹಮ್ಮದ್ ಸಿರಾ ನವಾಬನ ಸೈನ್ಯದಲ್ಲಿದ್ದನು. ಬೂದಿಕೋಟೆ ಅವನಿಗೆ ಜಹಗೀರಾಗಿ ಬಂದಿತ್ತು. ಹೈದರ್ ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತನು. ದೊಡ್ಡವನಾದ ಮೇಲೆ ಹೈದರ್ ಮೈಸೂರಿನ ಸೈನ್ಯ ಸೇರಿ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಪಡೆದನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನೆನಪಿನ ಶಕ್ತಿ ಭಾರೀ, ಐದಾರು ಭಾಷೆ ಮಾತಾಡುತ್ತಿದ್ದನು. (ಹಾಗಂತ ಮನೇಲಿ ಯಾರೂ ಓದೋದು ಬೇಡ ಅನ್ನಬೇಡಿ, ಮೇಷ್ಟ್ರೂ ಇದನ್ನು ಓದುತ್ತಾರೆ.)

1755ರಲ್ಲಿ ದಿಂಡಿಗಲ್ಲಿಗೆ ಫೌಜುದಾರನಾದನು. 1761ರಲ್ಲಿ ಮೈಸೂರಿನ ಅಧಿಕಾರವೆಲ್ಲ ಅವನ ಕೈಗೆ ಬಂತು. ಆದರೂ ಒಡೆಯರನ್ನು ಸಿಂಹಾಸನದಿಂದ ಇಳಿಸಲಿಲ್ಲ, ಅವರ ಹೆಸರಲ್ಲೇ ಆಳಿದನು. ಅದೇ ವರ್ಷ ಸಿರಾವನ್ನೂ ಗೆದ್ದನು. ಅಂದರೆ ಅವನ ಅಪ್ಪ ಚಾಕರಿ ಮಾಡಿದ ಸೀಮೆಯನ್ನು ಮಗ ಮೈಸೂರಿಗೆ ಸೇರಿಸಿದ ಹಾಗಾಯಿತು. 1763ರಲ್ಲಿ ಬಿದನೂರು, 1766ರಲ್ಲಿ ಮಲಬಾರು.

ಆ ಕಾಲದ ಗಡಿ ನಮ್ಮ ಭೂಪಟದಲ್ಲಿರುವ ಗೆರೆಯ ಹಾಗಲ್ಲ. ಪಾಳೇಗಾರನು ಯಾರಿಗೆ ಕಪ್ಪ ಕೊಡುತ್ತಾನೋ ಆ ರಾಜ್ಯ ಅಲ್ಲೀತನಕ. ಮುಂದಿನ ವರ್ಷ ಇನ್ನೊಬ್ಬರಿಗೆ ಕೊಟ್ಟರೆ ಗಡಿಯೂ ಆ ಕಡೆ ಹೋಯಿತು. ಸಮಾಜ ಪಾಠದಲ್ಲಿ ರಾಜ್ಯ ಬೇರೆ, ರಾಷ್ಟ್ರ ಬೇರೆ ಅಂತ ಇದೆಯಲ್ಲ, ಅದು ನನಗೆ ಅರ್ಥವಾಗಿದ್ದು ಹೈದರನಿಂದಲೇ. ಅವನ ರಾಜ್ಯದಲ್ಲಿ ಕನ್ನಡ, ತೆಲುಗು, ತುಳು, ತಮಿಳು, ಮಲಯಾಳ ಎಲ್ಲ ಮಾತಿನವರೂ ಇದ್ದರು. ಎಲ್ಲರೂ ಕಂದಾಯ ಕಟ್ಟುತ್ತಿದ್ದರು, ಆದರೆ ನಾವೆಲ್ಲ ಒಂದೇ ಜನ ಅಂದುಕೊಂಡಿರಲಿಲ್ಲ. ಮಲಬಾರಿನವರಂತೂ ಅವನ ಮೇಲೆ ತಿರುಗಿಬಿದ್ದರು. ಅಲ್ಲಿ ಅವನು ಬಹಳ ಕಠಿಣವಾಗಿ ನಡೆದುಕೊಂಡನು, ಅದನ್ನೂ ಬರೆಯಬೇಕು.

1767ರಲ್ಲಿ ಇಂಗ್ಲಿಷರ ಜೊತೆ ಯುದ್ಧ ಶುರುವಾಯಿತು. 1768ರಲ್ಲಿ ಕೋಲಾರವೂ ಅವರ ಕೈಗೆ ಹೋಯಿತು. ಹೈದರ್ ಬಿಡಲಿಲ್ಲ. ಕುದುರೆ ಸೈನ್ಯದೊಂದಿಗೆ ಮದರಾಸಿನ ಬಾಗಿಲಿಗೇ ಹೋದನು. 1769ರ ಒಪ್ಪಂದದಲ್ಲಿ ಗೆದ್ದಿದ್ದನ್ನು ಇಬ್ಬರೂ ವಾಪಸ್ ಕೊಟ್ಟರು. 1780ರಲ್ಲಿ ಮತ್ತೆ ಯುದ್ಧ. ಆ ಯುದ್ಧ ಮುಗಿಯುವ ಮುಂಚೆಯೇ, 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡನು. ದೇಹವನ್ನು ಮೊದಲು ಕೋಲಾರಕ್ಕೆ ತಂದು ತಂದೆಯ ಸಮಾಧಿಯ ಹತ್ತಿರ ಇಟ್ಟಿದ್ದರು. ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು.

ಅವನ ಮಗ ಟಿಪ್ಪು 1792ರಲ್ಲಿ ಸೋತು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿ ಇರುವ ಬಾರಾಮಹಲ್ ಇಂಗ್ಲಿಷರಿಗೆ ಹೋಯಿತು, ಕೋಲಾರ ಮೈಸೂರಿನಲ್ಲೇ ಉಳಿಯಿತು. 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿದಾಗಲೂ ಕೃಷ್ಣಗಿರಿ ಮದರಾಸಿನ ಕಡೆಗೇ ಉಳಿಯಿತು. ಈಗ ಅದು ತಮಿಳುನಾಡು. ನಮ್ಮ ಮಾರ್ಕಂಡೇಯ ಹೊಳೆ ಅಣೆಕಟ್ಟು ದಾಟಿ ಆ ಕಡೆಗೇ ಹರಿಯುತ್ತದೆ. ಹೈದರನ ಕಾಲದಲ್ಲಿ ಅದರ ಎರಡು ತುದಿಯೂ ಮೈಸೂರಿನಲ್ಲೇ ಇತ್ತು.