ಬಾ ಅವರ ಬಟ್ಟೆಯ ಪೆಟ್ಟಿಗೆ

ಗಾಂಧೀಜಿಯವರು ತಮ್ಮ ಉಡುಪನ್ನು ಕಡಿಮೆ ಮಾಡುತ್ತ ಬಂದ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ವಿಲಾಯತಿಯ ಕೋಟು-ಟೋಪಿಗಳಿಂದ ಹೊರಟು ಮೊಳಕಾಲ ಮೇಲಣ ತುಂಡುಪಂಚೆಯಲ್ಲಿ ಬಂದು ನಿಂತ ಆ ಪ್ರಯಾಣವನ್ನು ಕುರಿತು ಎಷ್ಟೋ ಮಂದಿ ಬರೆದಿದ್ದಾರೆ. ಆದರೆ ಒಂದು ಸಂಸಾರದಲ್ಲಿ ಯಜಮಾನನೊಬ್ಬನೇ ಬಟ್ಟೆ ಕಡಿಮೆ ಮಾಡುವುದಿಲ್ಲ. ಅವನ ಹೆಂಡತಿ ಮಕ್ಕಳ ಪೆಟ್ಟಿಗೆಗಳೂ ಅದರೊಡನೆ ಬರಿದಾಗುತ್ತವೆ. ವಿದ್ಯಾರ್ಥಿಗಳೊಡನೆ ಆತ್ಮಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಕಸ್ತೂರಬಾ ಅವರ ಪೆಟ್ಟಿಗೆಯ ಕಡೆಗೆ ಹೊರಳುತ್ತದೆ. ಅದು ಬರಿದಾದ ಬಗೆಯನ್ನು ಅರಿಯದೆ ಆ ಮನೆಯ ಸರಳತೆಯ ಬೆಲೆಯನ್ನು ಅರಿತಂತಾಗುವುದಿಲ್ಲವೆಂದು ನನ್ನ ನಂಬಿಕೆ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಪೋರಬಂದರಿನ ಅನುಕೂಲಸ್ಥ ವ್ಯಾಪಾರಿಯೊಬ್ಬರ ಮನೆಯಲ್ಲಿ. ಅವರ ತವರಿನ ಹೆಸರಾದ ಕಪಾಡಿಯಾ ಎಂಬುದು ಗುಜರಾತಿಯಲ್ಲಿ ಬಟ್ಟೆಯ ವ್ಯಾಪಾರವನ್ನು ಸೂಚಿಸುವ ಮಾತು. ಹದಿಮೂರರ ಎಳೆವಯಸ್ಸಿನಲ್ಲಿ ಮದುವೆಯಾಯಿತು. ಆಗ ಮದುವೆಯೆಂದರೆ ಹೊಸ ಬಟ್ಟೆ, ವಾದ್ಯ, ಮೆರವಣಿಗೆ, ಊಟ ಮತ್ತು ಆಡಲು ಜೊತೆಗೊಬ್ಬ ಹುಡುಗಿ ಎಂಬುದಕ್ಕಿಂತ ಹೆಚ್ಚೇನೂ ತಮಗೆ ತಿಳಿದಿರಲಿಲ್ಲವೆಂದು ಗಾಂಧೀಜಿ ಮುಂದೆ ನೆನೆದುಕೊಂಡರು. ವಧುವಿಗೆ ಏನು ತಿಳಿದಿತ್ತೆಂದು ಯಾರೂ ಕೇಳಲಿಲ್ಲ. ಬಾ ಆತ್ಮಕಥೆ ಬರೆದವರಲ್ಲ. ಅವರ ಮಾತು ಬಹುಮಟ್ಟಿಗೆ ಗಂಡನ ಬರಹದ ಮೂಲಕವೇ ನಮ್ಮ ಕಿವಿಗೆ ಬೀಳುತ್ತದೆ. ತಮಗೆ ಪ್ರತಿಕೂಲವಾದ ಸಂಗತಿಗಳನ್ನೂ ಮರೆಮಾಚದೆ ಬರೆದ ಆ ಗಂಡನ ಸತ್ಯನಿಷ್ಠೆಗೆ ನಾವು ಕೃತಜ್ಞರಾಗಿರಬೇಕು.

1896ರ ಕೊನೆಯಲ್ಲಿ ಬಾರಿಸ್ಟರ್ ಗಾಂಧಿಯವರು ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ವಿಧವೆ ಅಕ್ಕನ ಮಗನನ್ನೂ ಕರೆದುಕೊಂಡು ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದರು. ಆ ಪ್ರಯಾಣಕ್ಕಾಗಿ ಮನೆಯವರ ಉಡುಪನ್ನೆಲ್ಲ ಅವರೇ ಗೊತ್ತು ಮಾಡಿದರು. ಭಾರತೀಯರಲ್ಲಿ ಪಾರ್ಸಿಗಳೇ ಹೆಚ್ಚು ನಾಗರಿಕರೆಂಬ ಎಣಿಕೆ ಆಗ ಪ್ರಚಲಿತವಾಗಿತ್ತು. ಆದ್ದರಿಂದ ಬಾ ಅವರಿಗೆ ಪಾರ್ಸಿ ರೀತಿಯ ಸೀರೆ, ಹುಡುಗರಿಗೆ ಪಾರ್ಸಿ ಕೋಟು ಮತ್ತು ಷರಾಯಿ, ಎಲ್ಲರಿಗೂ ಬೂಟು ಮತ್ತು ಕಾಲುಚೀಲ. ಬೂಟಿನಿಂದ ಕಾಲು ಹುಣ್ಣಾಗುತ್ತಿತ್ತು. ಕಾಲುಚೀಲ ಬೆವರಿನಿಂದ ನಾರುತ್ತಿತ್ತು. ಊಟಕ್ಕೆ ಕೈಯ ಬದಲು ಮುಳ್ಳು-ಚಾಕುಗಳು ಬಂದವು. ಅವರು ಇದನ್ನು ಒಪ್ಪಿದ್ದು ಇಷ್ಟಪಟ್ಟಲ್ಲ, ಗಂಡನ ಮತ್ತು ತಂದೆಯ ಅಧಿಕಾರಕ್ಕೆ ತಲೆಬಾಗಿ.

ಕೆಲವು ವರ್ಷಗಳ ಮೇಲೆ ಗಾಂಧಿಯವರ ಮನಸ್ಸು ತಿರುಗಿತು. ಈ ನಾಗರಿಕತೆಯ ವೇಷ ಬೇಡವೆನಿಸಿತು, ಮತ್ತೆ ಅಪ್ಪಣೆಯಾಯಿತು. ಇಷ್ಟು ಹೊತ್ತಿಗೆ ಅವರಿಗೆ ಆ ಉಡುಪು ರೂಢಿಯಾಗಿಬಿಟ್ಟಿತ್ತು. ತೊಡುವಾಗ ಎಷ್ಟು ಕಷ್ಟವಾಯಿತೋ ಬಿಡುವಾಗಲೂ ಅಷ್ಟೇ ಕಷ್ಟವಾಯಿತು. ಬಟ್ಟೆ ಹೆಚ್ಚಿದ್ದೂ ಕಡಿಮೆಯಾದದ್ದೂ ಆಗ ಒಬ್ಬರ ಇಚ್ಛೆಯಿಂದಲೇ; ಈ ಒಂದು ಸಂಗತಿಯನ್ನು ವಾಚಕರು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಆ ಡರ್ಬಾನಿನ ಮನೆಯಲ್ಲಿಯೇ ಗಾಂಧಿಯವರು ಅಗಸನ ಲೆಕ್ಕ ಹೆಚ್ಚಾಯಿತೆಂದು ತಮ್ಮ ಬಟ್ಟೆಯನ್ನು ತಾವೇ ಒಗೆಯಲು ಕಲಿತರು. ಮೊದಲ ಸಲ ತೊಳೆದ ಕಾಲರಿನಿಂದ ಗಂಜಿ ಉದುರುತ್ತಿರಲು, ನ್ಯಾಯಾಲಯದಲ್ಲಿ ಜೊತೆಯ ವಕೀಲರು ನಕ್ಕರಂತೆ. ಇದು ನಗೆಯ ಮಾತಾಯಿತು. 1901ರಲ್ಲಿ ನಡೆದದ್ದು ನಗೆಯ ಮಾತಲ್ಲ. ಸ್ವದೇಶಕ್ಕೆ ಹೊರಟ ಸಂಸಾರಕ್ಕೆ ಅಲ್ಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರದ ಕಾಣಿಕೆಗಳನ್ನಿತ್ತರು. ಅದರಲ್ಲಿ 50 ಗಿನಿ ಬೆಲೆಬಾಳುವ ಚಿನ್ನದ ಸರವೊಂದು ಬಾ ಅವರಿಗೆಂದೇ ಬಂದಿತ್ತು. ಗಾಂಧಿಯವರು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಯೋಚಿಸಿ, ಎಲ್ಲವನ್ನೂ ಸಾರ್ವಜನಿಕ ನಿಧಿಗೆ ಒಪ್ಪಿಸಲು ನಿಶ್ಚಯಿಸಿದರು. ಮೊದಲು ಮಕ್ಕಳನ್ನು ಒಪ್ಪಿಸಿ, ಆಮೇಲೆ ಹೆಂಡತಿಯ ಬಳಿ ಹೋದರು.

ಬಾ ಸುಮ್ಮನೆ ಒಪ್ಪಲಿಲ್ಲ. ನಾಳೆ ಬರುವ ಸೊಸೆಯರಿಗೆ ಏನು ಕೊಡುವುದೆಂದು ಕೇಳಿದರು. ತಮ್ಮ ಒಡವೆಗಳನ್ನು ಹಿಂದೆಯೇ ತೆಗೆಸಿದವರು ಈಗ ಸೊಸೆಯರಿಗೆ ಕೊಡಿಸುವರೇ ಎಂದು ಜರೆದರು. ತಮಗೆ ಬಂದ ಸರದ ಮೇಲೆ ಗಂಡನಿಗೇನು ಹಕ್ಕೆಂದು ಕೇಳಿದರು. ಸೇವೆಗಾಗಿ ಬಂದ ಕಾಣಿಕೆಯೆಂದರೆ, ಆ ಸೇವೆಯಲ್ಲಿ ಹಗಲಿರುಳು ದುಡಿದ ತಮ್ಮ ಪಾಲೇನೂ ಇಲ್ಲವೇ ಎಂದು ಕಣ್ಣೀರಿಟ್ಟರು. ಈ ವಾದಕ್ಕೆ ಸರಿಯಾದ ಉತ್ತರ ಆತ್ಮಕಥೆಯಲ್ಲಿ ನನಗೆ ದೊರೆತಿಲ್ಲ. ಒಪ್ಪಿಗೆಯನ್ನು ಹೇಗೋ ಬಲವಂತದಿಂದ ಪಡೆದುಕೊಂಡೆನೆಂಬುದನ್ನು ಗಾಂಧೀಜಿಯೇ ಮರೆಮಾಡಿಲ್ಲ. ಸಾರ್ವಜನಿಕ ಸೇವಕನಿಗೆ ಬೆಲೆಬಾಳುವ ಕಾಣಿಕೆ ಸಲ್ಲದೆಂಬ ಅವರ ತತ್ತ್ವ ದೊಡ್ಡದು. ಆದರೆ ಸೇವಕಿಯೊಬ್ಬಳು ಮನೆಯೊಳಗೇ ಇದ್ದಾಳೆಂಬ ಬಾ ಅವರ ಮಾತೂ ಸಣ್ಣದಲ್ಲ.

1904ರಲ್ಲಿ ಡರ್ಬಾನಿನ ಹತ್ತಿರ ಫೀನಿಕ್ಸ್ ನೆಲಸುನಾಡು ಹುಟ್ಟಿತು. 1910ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯ್ ತೋಟ. ಅಲ್ಲಿ ಗಂಡಸರ ಉಡುಪೆಂದರೆ ಒರಟು ನೀಲಿ ಬಟ್ಟೆಯ ಅಗ್ಗದ ಷರಟು ಮತ್ತು ಷರಾಯಿ. ಸೆರೆಯಾಳುಗಳ ಉಡುಪೇ ಅದಕ್ಕೆ ಮಾದರಿ. ಹೊಲಿಗೆಯ ಕೆಲಸವನ್ನು ಹೆಂಗಸರು ವಹಿಸಿಕೊಂಡರು. ಉಡುಪು ಕಡಿಮೆಯಾದರೂ ಹೆಂಗಸರ ಕೈಗೆಲಸ ಕಡಿಮೆಯಾಗಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಕ್ರೈಸ್ತ ವಿಧಿಯಂತೆ ನಡೆಯದ ಮದುವೆಗಳು ಕಾನೂನಿಗೆ ಸಲ್ಲವೆಂಬ ನ್ಯಾಯಾಲಯದ ತೀರ್ಪು ಬಂದದ್ದು 1913ರಲ್ಲಿ. ಆ ವರ್ಷವೇ ಬಾ ಸತ್ಯಾಗ್ರಹಿಯಾಗಿ ಟ್ರಾನ್ಸ್‌ವಾಲಿನ ಗಡಿ ದಾಟಿ ಬಂಧಿತರಾದರು. ಮೂರು ತಿಂಗಳ ಕಠಿಣ ಸಜೆ, ಮಾರಿಟ್ಸ್‌ಬರ್ಗಿನ ಸೆರೆಮನೆ. ಅಲ್ಲಿ ಹೆಂಗಸರಿಗೆ ಕೊಟ್ಟ ಕೆಲಸ ಬಟ್ಟೆ ಒಗೆಯುವುದು. ಪಾರ್ಸಿ ಸೀರೆಯುಟ್ಟು ಹಡಗಿನಿಂದ ಇಳಿದ ಬಾರಿಸ್ಟರರ ಪತ್ನಿ, ಹದಿನಾರು ವರ್ಷಗಳ ಮೇಲೆ ಸೆರೆಯಲ್ಲಿ ಬಟ್ಟೆ ಒಗೆದರು. ಈ ಸಲ ಗಂಡನ ಅಧಿಕಾರಕ್ಕೆ ಮಣಿದು ಹೋದದ್ದಲ್ಲ. ತಮ್ಮ ಮದುವೆಯ ಮಾನವನ್ನು ಕಾಯಲು ತಾವೇ ಮುಂದಾಗಿ ಹೋದದ್ದು. ಆ ಬಾಳು ತಿರುವು ಪಡೆದದ್ದು ಇಲ್ಲಿಂದಲೇ ಎಂದು ನನಗೆ ತೋರುತ್ತದೆ.

1915ರ ಜನವರಿಯಲ್ಲಿ ದಂಪತಿಗಳು ಮುಂಬಯಿಯಲ್ಲಿ ಇಳಿದಾಗ ಗಾಂಧಿಯವರು ಕಾಠಿಯಾವಾಡದ ಉಡುಪಿನಲ್ಲಿದ್ದರು. ಮೂರನೆಯ ತರಗತಿಯ ರೈಲಿಗೆ ಅಡ್ಡಿಯೆಂದು ಅದರಲ್ಲಿನ ಮೇಲಂಗಿಯನ್ನೂ ಉತ್ತರೀಯವನ್ನೂ ಬೇಗನೆ ಬಿಟ್ಟರು. ಎರಡು ವರ್ಷಗಳ ಮೇಲೆ, 1917ರಲ್ಲಿ, ಬಿಹಾರದ ಚಂಪಾರಣದಲ್ಲಿ ನೀಲಿ ಬೆಳೆಗಾರರ ಕೆಲಸಕ್ಕಾಗಿ ನಿಂತಾಗ ಭೀತಿಹರ್ವಾ ಎಂಬ ಹಳ್ಳಿಯಲ್ಲಿ ಒಂದು ಶಾಲೆ ತೆರೆದರು. ಅದರ ನೆರೆಯ ಚಿಕ್ಕ ಹಳ್ಳಿಯಲ್ಲಿ ಕೆಲವು ಹೆಂಗಸರ ಬಟ್ಟೆ ಬಹಳ ಕೊಳಕಾಗಿತ್ತು. ಏಕೆ ಒಗೆಯುವುದಿಲ್ಲವೆಂದು ಕೇಳಲು ಗಾಂಧಿಯವರು ಬಾ ಅವರಿಗೆ ಹೇಳಿದರು. ಒಬ್ಬಾಕೆ ಬಾ ಅವರನ್ನು ಗುಡಿಸಲಿನೊಳಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಒಳಗೆ ಬಟ್ಟೆಯಿಡುವ ಪೆಟ್ಟಿಗೆಯಿಲ್ಲ, ಬೀರುವಿಲ್ಲ. ಮೈಮೇಲಿದ್ದ ಸೀರೆಯೊಂದೇ ಅವಳ ಸೀರೆ. ಅದನ್ನು ಒಗೆದರೆ ಉಡುವುದೇನನ್ನು? ಇನ್ನೊಂದು ಸೀರೆ ದೊರೆತರೆ ದಿನವೂ ಮಿಂದು ಶುಭ್ರವಾಗಿ ಉಡುವುದಾಗಿ ಮಾತುಕೊಟ್ಟಳು.

ಆ ಗುಡಿಸಲನ್ನು ಹೊಕ್ಕು ನೋಡಿದವರು ಬಾ. ಗಾಂಧೀಜಿಗೆ ಈ ಸಂಗತಿ ತಿಳಿದದ್ದು ಹೆಂಡತಿಯಿಂದ. ಮಿತವಾಗಿ ಉಡಬೇಕೆಂದು ಮೊದಲಿನಿಂದಲೂ ಬಾ ಅವರಿಗೆ ಕಲಿಸಲು ಯತ್ನಿಸಿದ ಗುರು ಗಂಡನೇ; ಆದರೆ ಬೇಡವೆಂದು ಬಿಟ್ಟ ಬಟ್ಟೆಗೂ ಇಲ್ಲವೆಂದು ಬಿಟ್ಟ ಬಟ್ಟೆಗೂ ಇರುವ ಅಂತರವನ್ನು ಕಲಿಸಿದವಳು ಆ ಹೆಸರರಿಯದ ಹೆಂಗಸು. ಸರಳತೆಯನ್ನು ಹೊಗಳುವ ನಾವೆಲ್ಲರೂ ಆ ಗುಡಿಸಲಿನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು.

ಮುಂದೆ ಖಾದಿ ಬಂದಿತು. ಸಾಬರಮತಿ ಆಶ್ರಮದಲ್ಲಿ ಮೊದಲು ತಯಾರಾದ ಖಾದಿಯ ಅಗಲ 30 ಅಂಗುಲ. ಗಜಕ್ಕೆ 17 ಆಣೆ ಬಿದ್ದಿತು. 45 ಅಂಗುಲದ ಪಂಚೆ ಒಂದು ತಿಂಗಳೊಳಗೆ ಸಿಕ್ಕದಿದ್ದರೆ ಗಿಡ್ಡ ಪಂಚೆಯನ್ನೇ ಉಡುವೆನೆಂದು ಗಾಂಧೀಜಿ ಹಟ ಹಿಡಿದರು. 1921ರ ಜುಲೈ 31ರಂದು ಮುಂಬಯಿಯಲ್ಲಿ ಪರದೇಶಿ ಬಟ್ಟೆಗಳ ರಾಶಿಗೆ ಬೆಂಕಿ ಬಿತ್ತು. ಪೂರ್ತಿ ಖಾದಿ ಕೊಳ್ಳಲು ಬಡವರಿಗೆ ಶಕ್ತಿಯಿಲ್ಲವೆಂಬ ಮಾತು ಎದ್ದಾಗ, ಅದೇ ವರ್ಷದ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ತುಂಡುಪಂಚೆಗೆ ಇಳಿದರು. ಗಂಡಸು ಹಾಗೆ ಇಳಿಯಬಲ್ಲ; ಹೆಂಗಸಿಗೆ ಆ ದಾರಿಯಿಲ್ಲ. ಸೀರೆಯ ಉದ್ದವನ್ನು ಕತ್ತರಿಸಲಾಗದು. ನಯವಾದ ನೂಲನ್ನು ಬಿಟ್ಟು, ಒರಟಾದ ಭಾರವಾದ ಬಟ್ಟೆಯನ್ನು ಪೂರಾ ಉದ್ದಕ್ಕೆ ಸುತ್ತಿಕೊಂಡು ಅಡಿಗೆಮನೆಯಲ್ಲಿ ದುಡಿಯುವುದೇ ಆಕೆಯ ಪಾಲಿನ ತ್ಯಾಗ. ಇದರ ಚಿತ್ರ ಪತ್ರಿಕೆಗಳ ಮೊದಲ ಪುಟಕ್ಕೆ ಬರುವಂಥದಲ್ಲ.

1922ರ ಮಾರ್ಚಿಯಲ್ಲಿ ಗಾಂಧೀಜಿಗೆ ಆರು ವರ್ಷಗಳ ಸಜೆಯಾದಾಗ ಬಾ ತಮ್ಮ ಹೆಸರಿನಲ್ಲಿ ದೇಶಕ್ಕೊಂದು ವಿಜ್ಞಾಪನೆ ಹೊರಡಿಸಿದರು: ಪರದೇಶಿ ಬಟ್ಟೆಯನ್ನು ಬಿಡಬೇಕು, ಹೆಂಗಸರೆಲ್ಲರೂ ನೂಲಬೇಕು, ವರ್ತಕರು ಆ ವ್ಯಾಪಾರವನ್ನು ನಿಲ್ಲಿಸಬೇಕು. ಬಟ್ಟೆ ವ್ಯಾಪಾರದ ಹೆಸರು ಹೊತ್ತ ಮನೆತನದ ಮಗಳು ವರ್ತಕರಿಗೆ ಹೇಳಿದ ಮಾತಿದು. ಎರಡು ವರ್ಷಗಳ ಮೇಲೆ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲನ್ನು ಗೊತ್ತು ಮಾಡಿತು. ಒಂದು ಮನೆಯ ಪೆಟ್ಟಿಗೆಯ ವಿಷಯ ಹೀಗೆ ದೇಶದ ವಿಷಯವಾಯಿತು.

ಇಷ್ಟಾದರೂ ಕಠೋರತೆ ಮುಗಿಯಲಿಲ್ಲ. 1929ರಲ್ಲಿ, ಯಾರೋ ಕೊಟ್ಟಿದ್ದ 4 ರೂಪಾಯಿಗಳನ್ನು ಬಾ ಆಶ್ರಮದ ಲೆಕ್ಕಕ್ಕೆ ಸೇರಿಸದೆ ತಮ್ಮಲ್ಲಿ ಉಳಿಸಿಕೊಂಡಿದ್ದರೆಂಬುದನ್ನು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ತತ್ತ್ವಕ್ಕೆ ಇದು ಸರಿಯಿರಬಹುದು. ಆ ಪುಟ ನನ್ನ ಮನಸ್ಸಿಗೆ ಮಾತ್ರ ಇಂದಿಗೂ ಒಗ್ಗಿಲ್ಲ. ಅರುವತ್ತರ ಮುದುಕಿಗೆ ನಾಲ್ಕು ರೂಪಾಯಿಯ ಮರೆಯೂ ಇಲ್ಲದ ಮನೆ ಅದು.

ಬಾ ಆ ಮನೆಯನ್ನು ಬಿಡಲಿಲ್ಲ, ಹೋರಾಟವನ್ನೂ ಬಿಡಲಿಲ್ಲ. ಮತ್ತೆ ಮತ್ತೆ ಸೆರೆಮನೆಗೆ ಹೋದರು. 1942ರ ಆಗಸ್ಟಿನಲ್ಲಿ ಕಡೆಯ ಸಲ ಬಂಧಿತರಾಗಿ ಪುಣೆಯ ಆಗಾಖಾನ್ ಅರಮನೆಗೆ ಸೇರಿದರು. 1944ರ ಫೆಬ್ರವರಿ 22ರಂದು ಅಲ್ಲಿಯೇ ತೀರಿಕೊಂಡರು. ಗಾಂಧೀಜಿ ತಮ್ಮ ಕೈಯಿಂದ ನೂತ ನೂಲಿನ ಸೀರೆಯನ್ನು ದೇಹಕ್ಕೆ ಉಡಿಸಿದರು. ಅರಮನೆಯ ಆವರಣದಲ್ಲಿಯೇ ದಹನವಾಯಿತು.

ಸಂಸಾರದ ಬಟ್ಟೆಯನ್ನು ಒಂದು ಅಪ್ಪಣೆಯಿಂದ ಒಂದೇ ದಿನದಲ್ಲಿ ಕಡಿಮೆ ಮಾಡಬಹುದು. ಹಾಗೆ ಕಡಿಮೆಯಾದದ್ದು ಮನೆಯ ಉಳಿದವರ ಸ್ವಂತ ನಡತೆಯಾಗಬೇಕಾದರೆ ವರ್ಷಗಳು ಬೇಕು, ಪ್ರತಿಭಟನೆಗೆ ಎಡೆ ಬೇಕು, ಕಣ್ಣಾರೆ ಕಂಡ ಒಂದು ಗುಡಿಸಲು ಬೇಕು. ಗಾಂಧೀಜಿ ಬೇಗ ಬೇಗನೆ ಕಳಚಿದರು. ಬಾ ನಿಧಾನವಾಗಿ, ವಾದಿಸುತ್ತ, ಅಳುತ್ತ, ಅರ್ಥಮಾಡಿಕೊಂಡು ಕಳಚಿದರು. ಇವೆರಡರಲ್ಲಿ ಯಾವುದು ದೊಡ್ಡದೆಂದು ನಾನು ತೂಗಲಾರೆ. ಆದರೆ ನಮ್ಮಂಥ ಸಾಮಾನ್ಯರು ಸರಳವಾಗಿ ಬಾಳಲು ಕಲಿಯುವುದಾದರೆ, ಕಲಿಯುವುದು ಬಾ ಅವರ ದಾರಿಯಿಂದಲೇ.