ಕಂಬಳಿಯಲ್ಲಿ ಬಿಸಿ ಇರುತ್ತದೆಯೇ? ಮನೆಯ ಬಿಸಿ ಸೋರುವ ಲೆಕ್ಕ ಕಟ್ಟಿಕೊಟ್ಟ ಫೋರಿಯರ್ ಕತೆ

ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಹಾಗಾದರೆ ಬಿಸಿ ಕಂಬಳಿಯಲ್ಲಿದೆಯೇ? ಇಲ್ಲ. ಬಿಸಿ ನಮ್ಮ ಮೈಯದ್ದೇ. ಅದು ಬೇಗ ಹೊರಗೆ ಹೋಗದಂತೆ ಕಂಬಳಿ ತಡೆಯುತ್ತದೆ, ಅಷ್ಟೇ. ಬಿಸಿ ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದಕ್ಕೆ ಗಟ್ಟಿಯಾದ ಗಣಿತ ಕಟ್ಟಿದವರು ಫ್ರಾನ್ಸಿನ ಜೋಸೆಫ್ ಫೋರಿಯರ್. ಚಳಿ ದೇಶಗಳಲ್ಲಿ ಮನೆಗೆ ಎಷ್ಟು ದೊಡ್ಡ ಹೀಟ್ ಪಂಪ್ ಬೇಕು ಎಂದು ಲೆಕ್ಕ ಹಾಕುವವರು ಇವತ್ತಿಗೂ ಅವರ ಸೂತ್ರವನ್ನೇ ನಂಬಿದ್ದಾರೆ.

ದರ್ಜಿಯ ಮಗ

ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಓಸೇರ್ ಎಂಬ ಊರಿನಲ್ಲಿ. ತಂದೆ ದರ್ಜಿ. ಹತ್ತರ ಆಸುಪಾಸಿನಲ್ಲೇ ಹುಡುಗ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ. ಊರಿನ ಸೈನಿಕ ಶಾಲೆಯಲ್ಲಿ ಓದುವಾಗ ಗಣಿತದ ಹುಚ್ಚು ಹತ್ತಿತು. ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ, 1794ರಲ್ಲಿ, ಜೈಲು ಸೇರಬೇಕಾಯಿತು. ತಲೆ ಉಳಿಯುವುದೇ ಅನುಮಾನವಾಗಿದ್ದ ದಿನಗಳವು. ಅದೇ ವರ್ಷ ರೋಬೆಸ್ಪಿಯರ್ ಅಧಿಕಾರ ಉರುಳಿದ್ದರಿಂದ ಜೀವ ಉಳಿಯಿತು.

1798ರಲ್ಲಿ ನೆಪೋಲಿಯನ್ ಜತೆ ಈಜಿಪ್ಟಿಗೆ ಹೋದರು. 1801ರಲ್ಲಿ ಮರಳಿದರು. ಮರುವರ್ಷ ಆಲ್ಪ್ಸ್ ಸೀಮೆಯ ಗ್ರೆನೋಬಲ್‌ನಲ್ಲಿದ್ದುಕೊಂಡು ಇಡೀ ಜಿಲ್ಲೆಯ ಆಡಳಿತ ನೋಡಿಕೊಳ್ಳುವ ಕೆಲಸ ಬಂತು. ಆ ಜವಾಬ್ದಾರಿಯ ನಡುವೆಯೇ ಕಬ್ಬಿಣದ ಉಂಗುರ ಕಾಯಿಸಿ, ಥರ್ಮಾಮೀಟರ್ ಇಟ್ಟು, ಬಿಸಿ ಹೇಗೆ ಹರಿಯುತ್ತದೆ ಎಂದು ಅಳೆಯತೊಡಗಿದರು.

1807ರಲ್ಲಿ ಪ್ರಬಂಧ ಸಿದ್ಧವಾಯಿತು. ಆದರೆ ಆ ಕಾಲದ ದೊಡ್ಡ ಗಣಿತಜ್ಞ ಲಗ್ರಾಂಜ್ ಅವರ ವಿಧಾನವನ್ನು ಒಪ್ಪಲಿಲ್ಲ. 1812ರಲ್ಲಿ ಬಹುಮಾನ ಬಂದರೂ ತೀರ್ಪುಗಾರರು ಕೊಂಕು ತೆಗೆದೇ ಕೊಟ್ಟರು. ಪುಸ್ತಕ ಹೊರಬಂದಿದ್ದು 1822ರಲ್ಲಿ. ಹದಿನೈದು ವರ್ಷ ಕಾಯಬೇಕಾಯಿತು!

ಸೂತ್ರ ಏನು ಹೇಳುತ್ತದೆ?

ಒಳಗೂ ಹೊರಗೂ ಉಷ್ಣತೆಯ ವ್ಯತ್ಯಾಸ ಎರಡು ಪಟ್ಟಾದರೆ ಸೋರುವ ಬಿಸಿಯೂ ಎರಡು ಪಟ್ಟು. ಗೋಡೆಯ ವಿಸ್ತಾರ ಎರಡು ಪಟ್ಟಾದರೂ ಅಷ್ಟೇ. ದಪ್ಪ ಎರಡು ಪಟ್ಟಾದರೆ ಗೋಡೆಯ ಮೂಲಕ ಹರಿಯುವ ಬಿಸಿ ಅರ್ಧ. ಜತೆಗೆ ಆ ವಸ್ತು ಯಾವುದು ಎಂಬುದೂ ಮುಖ್ಯ: ಕಬ್ಬಿಣದಲ್ಲಿ ಬಿಸಿ ಓಡುತ್ತದೆ, ಉಣ್ಣೆಯಲ್ಲಿ ತೆವಳುತ್ತದೆ.

ಕಂಬಳಿ ತೊಡರಿ ಸತ್ತರೇ?

ಸದಾ ಕಂಬಳಿ ಸುತ್ತಿಕೊಂಡಿರುತ್ತಿದ್ದ ಫೋರಿಯರ್ ಅದೇ ಕಂಬಳಿ ಕಾಲಿಗೆ ಸಿಕ್ಕಿ ಬಿದ್ದು ಸತ್ತರು ಎಂಬ ಕತೆ ಓಡಾಡುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಈಜಿಪ್ಟಿನಿಂದ ಬಂದ ಮೇಲೆ ಅವರಿಗೆ ಚಳಿ ಸಹಿಸಲಾಗುತ್ತಿರಲಿಲ್ಲ. ಕೋಣೆಯನ್ನು ವಿಪರೀತ ಬಿಸಿಯಾಗಿಟ್ಟು, ದಪ್ಪ ಬಟ್ಟೆ ತೊಡುತ್ತಿದ್ದರು. 1830ರ ಮೇ 4ರಂದು ಮೆಟ್ಟಿಲಿನಲ್ಲಿ ಬಿದ್ದದ್ದೂ ನಿಜ. ಆದರೆ ಮೊದಲಿನಿಂದಲೂ ಹೃದಯದ ಕಾಯಿಲೆ ಇತ್ತು. ಬಿದ್ದ ಮೇಲೆ ಅದು ಉಲ್ಬಣಿಸಿತು. ಮೇ 16ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಅವರ ಪುಸ್ತಕವನ್ನು ಹದಿಹರೆಯದಲ್ಲೇ ಓದಿದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, 1852ರಲ್ಲಿ ಹೊರಗಿನ ಗಾಳಿಯಿಂದಲೇ ಬಿಸಿ ಎತ್ತಿ ಕಟ್ಟಡ ಕಾಯಿಸುವ ಯಂತ್ರದ ಯೋಚನೆ ಮುಂದಿಟ್ಟರು. ಅದೇ ಇವತ್ತಿನ ಹೀಟ್ ಪಂಪ್. ಫ್ರಿಜ್ ಒಳಗಿನ ಬಿಸಿಯನ್ನು ಹಿಂಬದಿಗೆ ಸಾಗಿಸುವ ಹಾಗೆ ಇದು ಹೊರಗಿನ ಬಿಸಿಯನ್ನು ಮನೆಯೊಳಗೆ ಸಾಗಿಸುತ್ತದೆ.

ದೊಡ್ಡದು ತಂದರೆ ಒಳ್ಳೆಯದಲ್ಲವೇ?

ಅಲ್ಲ. ಅಗತ್ಯಕ್ಕಿಂತ ದೊಡ್ಡ ಪಂಪ್ ಮತ್ತೆ ಮತ್ತೆ ಆನ್-ಆಫ್ ಆಗುತ್ತದೆ, ಕರೆಂಟ್ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ. ತೀರಾ ಚಿಕ್ಕದಾದರೆ ಕಡು ಚಳಿಯಲ್ಲಿ ಮನೆ ಬೆಚ್ಚಗಾಗುವುದಿಲ್ಲ. ಹಾಗಾಗಿ ಮೊದಲು ಅಳೆಯಬೇಕು.

ಒಂದು ಉದಾಹರಣೆ ನೋಡೋಣ. ಒಳಗೆ 20 ಡಿಗ್ರಿ, ಹೊರಗೆ ಸರಾಸರಿ 0 ಡಿಗ್ರಿ ಇರುವ ದಿನ, ಮನೆಯನ್ನು ಸಾದಾ ಕರೆಂಟ್ ಹೀಟರ್‌ಗಳಿಂದಲೇ ಬೆಚ್ಚಗಿಡಲು 144 ಯೂನಿಟ್ ಬೇಕಾಯಿತು ಎಂದುಕೊಳ್ಳಿ. 24 ಗಂಟೆಗೆ ಭಾಗಿಸಿದರೆ 6 ಕಿಲೋವ್ಯಾಟ್. 20 ಡಿಗ್ರಿ ವ್ಯತ್ಯಾಸಕ್ಕೆ 6,000 ವ್ಯಾಟ್ ಎಂದರೆ, ಒಂದು ಡಿಗ್ರಿಗೆ 300 ವ್ಯಾಟ್. ಆ ಊರಿನ ಕಡು ಚಳಿ ಮೈನಸ್ 5 ಆಗಿದ್ದರೆ ವ್ಯತ್ಯಾಸ 25 ಡಿಗ್ರಿ. ಬೇಕಾಗುವುದು 7,500 ವ್ಯಾಟ್. ಆ ಚಳಿಯಲ್ಲೂ 7.5 ಕಿಲೋವ್ಯಾಟ್ ಬಿಸಿ ಕೊಡುವ ಪಂಪ್ ಸಾಕು, 14 ಕಿಲೋವ್ಯಾಟ್‌ನದು ದಂಡ. ಬಿಸಿಲು, ಅಡುಗೆ, ಜನರ ಮೈಬಿಸಿಯಿಂದ ಲೆಕ್ಕ ಏರುಪೇರಾಗುವುದರಿಂದ ಮೋಡ ಕವಿದ ಹಲವು ದಿನಗಳ ಸರಾಸರಿ ತೆಗೆಯುವುದು ಒಳ್ಳೆಯದು. ಹೀಗೆ ಅಳೆದಾಗ ಕಿಟಕಿ ಸಂದಿಯ ಸೋರಿಕೆಯೂ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಸೆಕೆಗೂ ಇದೇ ನಿಯಮ. ಇಲ್ಲಿ ಬಿಸಿ ಹೊರಗಿನಿಂದ ಒಳಗೆ ಬರುತ್ತದೆ. ಅಗತ್ಯ ಮೀರಿದ ಎಸಿ ಕೋಣೆಯನ್ನು ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ. ಗಾಳಿಯ ತೇವ ಮಾತ್ರ ಹಾಗೇ ಉಳಿಯುತ್ತದೆ. ಟನ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಗೋಡೆ, ಕಿಟಕಿ, ಸೂರಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಚಳಿ ದೇಶದಲ್ಲಿ ಮನೆ ಕೊಂಡ ಬಂಧುಗಳಿದ್ದರೆ ಮೇಲಿನ ಲೆಕ್ಕವನ್ನು ಅವರಿಗೂ ಕಳಿಸಿ.